ರೊಟ್ಟಿ ಮೇಲೆ ಹತ್ತು ರೂಪಾಯಿ ನಾಣ್ಯ ಇಟ್ಟು ನೋಡಿ

ಸಂಪಾದಕರೇ,

ದೂರದ ನಕ್ಷತ್ರಗಳ ಸುತ್ತ ತಿರುಗುವ ಗ್ರಹಗಳ ಬಗ್ಗೆ ಮೊನ್ನೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಬರಹ ಓದಿದೆ. ಇಂಥ ವಿಷಯಕ್ಕೆ ಅರ್ಧ ಪುಟ ಕೊಟ್ಟಿದ್ದು ಖುಷಿಯಾಯಿತು. ಆದರೆ ಲೆಕ್ಕ ತಪ್ಪಿದೆ. ಗುರುಗ್ರಹದಷ್ಟು ದೊಡ್ಡ ಗ್ರಹ ಸೂರ್ಯನಂಥ ನಕ್ಷತ್ರಕ್ಕೆ ಅಡ್ಡ ಬಂದರೆ ಬೆಳಕು ಸುಮಾರು ಶೇ 1ರಷ್ಟು ಇಳಿಯುತ್ತದೆ ಎಂದಿದ್ದೀರಿ, ಸರಿ. ಮುಂದಿನ ಸಾಲಿನಲ್ಲೇ, ಅಂದರೆ ಗ್ರಹದ ಅಗಲ ನಕ್ಷತ್ರದ ನೂರನೇ ಒಂದು ಭಾಗ ಎಂದುಬಿಟ್ಟಿದ್ದೀರಿ. ನನ್ನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಆ ಪುಟ ಕತ್ತರಿಸಿ ತಂದು, 'ಸರ್, ನೀವು ಹತ್ತನೇ ಭಾಗ ಅಂದಿದ್ರಿ, ಪೇಪರ್‌ನ್ಯಾಗ ನೂರು ಅಂತ ಐತಿ, ಯಾವುದು ಖರೆ?' ಎಂದು ಕೇಳಿದಳು.

ಖರೆ ಏನು ಅಂದರೆ, ಮರೆಯಾಗುವುದು ಅಗಲ ಅಲ್ಲ, ಕ್ಷೇತ್ರಫಲ. ನಮ್ಮ ಮನೆಯ ಜೋಳದ ರೊಟ್ಟಿ ಅಳೆದೆ, 27 ಸೆಂ.ಮೀ. ಹತ್ತು ರೂಪಾಯಿ ನಾಣ್ಯ 27 ಮಿ.ಮೀ. ಅಗಲದಲ್ಲಿ ಹತ್ತನೇ ಒಂದು ಭಾಗ, ಆದರೆ ರೊಟ್ಟಿಯ ನೂರನೇ ಒಂದು ಭಾಗವನ್ನಷ್ಟೇ ಮುಚ್ಚುತ್ತದೆ. ('ರೊಟ್ಟಿ ಆರ್ತದ, ಮೊದಲು ಉಣ್ರಿ' ಅಂತ ಮನೆಯವರು ಬೈದರು.) ಇದೇ ರೊಟ್ಟಿ ಸೂರ್ಯ ಅಂದುಕೊಂಡರೆ ಭೂಮಿ ಎಷ್ಟು ಗೊತ್ತಾ? ಸಂಕ್ರಾಂತಿಯ ಸಜ್ಜೆ ರೊಟ್ಟಿಗೆ ಹಚ್ಚುತ್ತಾರಲ್ಲ, ಆ ಒಂದು ಎಳ್ಳು. ಅದು ಮರೆಮಾಡುವ ಬೆಳಕು ಹತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ.

ಎರಡನೆಯದು ಚಿತ್ರ. ಬೆಳಕು ಇಳಿದು ಏರುವ ಗೆರೆಯನ್ನು ಸಪಾಟು ತಳದ ಕಾಲುವೆ ಹಾಗೆ ಬರೆದಿದ್ದೀರಿ. ನಿಜವಾದ ಗೆರೆಯ ತಳ ಬೋಗುಣಿ ಹಾಗೆ ಬಾಗಿರುತ್ತದೆ. ಯಾಕಂದರೆ ನಕ್ಷತ್ರದ ನಡುಭಾಗ ಜಾಸ್ತಿ ಹೊಳೆಯುತ್ತದೆ, ಅಂಚು ಮಬ್ಬು. ಅಂಚಿನ ಕಡೆ ನಾವು ಓರೆಯಾಗಿ ನೋಡುವುದರಿಂದ ಮೇಲಿನ, ಸ್ವಲ್ಪ ತಣ್ಣಗಿನ ಪದರದ ಬೆಳಕೇ ನಮಗೆ ಸಿಗುವುದು. ಹಾಗಾಗಿ ಅದೇ ಗ್ರಹ ಅಂಚಿನಲ್ಲಿದ್ದಾಗ ಕಡಿಮೆ ಬೆಳಕು ತಡೆಯುತ್ತದೆ, ನಡುವೆ ಬಂದಾಗ ಜಾಸ್ತಿ. ಲೆಕ್ಕ ಹಾಕುವವರು ಪ್ರತಿ ನಿಮಿಷಕ್ಕೂ ಗ್ರಹ ಎಲ್ಲಿದೆ, ಅಲ್ಲಿನ ಹೊಳಪು ಎಷ್ಟು ಅಂತ ಹಿಡಿದು, ಮರೆಯಾದದ್ದನ್ನು ಕಳೆಯುತ್ತಾರೆ. ಹೀಗೆ ಲೆಕ್ಕದಿಂದ ಬಂದ ಗೆರೆ, ದೂರದರ್ಶಕ ಅಳೆದ ಬೆಳಕಿನ ಚುಕ್ಕಿಗಳ ಮೇಲೆ ಕೂರುವವರೆಗೂ ಗ್ರಹದ ಅಳತೆ ಬದಲಿಸಿ ಬದಲಿಸಿ ನೋಡುತ್ತಾರೆ. ಸಪಾಟು ಅಂದುಕೊಂಡರೆ ಗ್ರಹದ ಅಳತೆಯೇ ತಪ್ಪಾಗುತ್ತದೆ.

1999ರಲ್ಲಿ ಮೊದಲ ಬಾರಿ ಹೀಗೆ ನಕ್ಷತ್ರಕ್ಕೆ ಅಡ್ಡ ಬರುವುದು ಕಂಡಿದ್ದು ಎಚ್‌ಡಿ 209458 ಎಂಬ ನಕ್ಷತ್ರದ ಗ್ರಹ. ಮೂರೂವರೆ ದಿನಕ್ಕೊಂದು ಸುತ್ತು, ಪ್ರತಿ ಸಲ ಸುಮಾರು ಮೂರು ತಾಸು ಬೆಳಕು ಶೇ 1.5ರಷ್ಟು ಕಡಿಮೆ. ನಿಮ್ಮ ಲೆಕ್ಕದಂತೆ ಆ ಗ್ರಹ ನಕ್ಷತ್ರದ ಅಗಲದ 67ನೇ ಒಂದು ಭಾಗ ಆಗಬೇಕಿತ್ತು. ನಿಜಕ್ಕೂ ಅದು ಸುಮಾರು ಎಂಟನೇ ಒಂದು ಭಾಗ.

ತಿದ್ದುಪಡಿಯನ್ನು ಯಾವುದೋ ಮೂಲೆಯಲ್ಲಿ ಎರಡು ಸಾಲು ಹಾಕಿ ಸುಮ್ನಾಗಬೇಡಿ. ಅದೇ ಪುಟದಲ್ಲಿ, ಹೊಸ ಚಿತ್ರದ ಜೊತೆ ಹಾಕಿ. ಆ ಹುಡುಗಿ ಹಳೆಯ ತುಂಡನ್ನು ಇನ್ನೂ ನೋಟ್‌ಬುಕ್ಕಿನಲ್ಲಿ ಅಂಟಿಸಿಲ್ಲ, ಕಾಯುತ್ತಿದ್ದಾಳೆ.

– ಗಣಿತ ಶಿಕ್ಷಕ, ಸಿಂಧನೂರು, ರಾಯಚೂರು ಜಿಲ್ಲೆ