ಗಿಲ್ಡಾ ರೂತಾ ಅವರ ಹೆಸರೂ ಸೇರಲಿ

ಮಾನ್ಯ ಸಂಪಾದಕರೇ,

ಪಾಶ್ಚಾತ್ಯ ಸಂಗೀತದ ಮಹಿಳಾ ಸಂಯೋಜಕರನ್ನು ಕುರಿತು ತಮ್ಮ ಪುರವಣಿಯಲ್ಲಿ ಬಂದ ಲೇಖನ ಸ್ವಾಗತಾರ್ಹ. ಆದರೆ ಹತ್ತೊಂಬತ್ತನೆಯ ಶತಮಾನದ ಮಟ್ಟಿಗೆ ಅದು ಕ್ಲಾರಾ ಶೂಮನ್ ಮತ್ತು ಫ್ಯಾನಿ ಮೆಂಡೆಲ್ಸನ್ ಅವರಲ್ಲಿಗೇ ನಿಂತಿದೆ. ಇಬ್ಬರೂ ಜರ್ಮನಿಯವರು, ಒಬ್ಬರ ಪತಿ, ಇನ್ನೊಬ್ಬರ ತಮ್ಮ ಜಗತ್ಪ್ರಸಿದ್ಧರು. ಅಷ್ಟು ದೊಡ್ಡ ಹೆಸರಿನ ಆಸರೆಯಿಲ್ಲದೆ ದುಡಿದ ಇಟಲಿಯ ಪಿಯಾನೊ ವಾದಕಿ, ಸಂಯೋಜಕಿ ಗಿಲ್ಡಾ ರೂತಾ ಅವರನ್ನೂ ನೆನೆಯಬೇಕಿತ್ತು.

1853ರಲ್ಲಿ ನೇಪಲ್ಸ್‌ನಲ್ಲಿ ಹುಟ್ಟಿದ ಗಿಲ್ಡಾಗೆ ತಂದೆ ಮಿಕೇಲೆ ರೂತಾ ಅವರಿಂದಲೇ ಮೊದಲ ಪಾಠವಾಯಿತು. ಅವರು ಸಂಯೋಜಕರೂ ಸಂಗೀತ ವಿಮರ್ಶಕರೂ ಆಗಿದ್ದರು. ಸಂಯೋಜನೆಯನ್ನು ಕಲಿಸಿದವರು ಸವೇರಿಯೊ ಮರ್ಕದಾಂತೆ. ಗಿಲ್ಡಾಗೆ ಒಂಬತ್ತು ತುಂಬುವ ವರ್ಷದಲ್ಲಿ, ಅಂದರೆ 1862ರಲ್ಲಿ, ಪೂರ್ತಿ ದೃಷ್ಟಿ ಕಳೆದುಕೊಂಡ ಮರ್ಕದಾಂತೆ, 1870ರಲ್ಲಿ ತೀರಿಕೊಳ್ಳುವವರೆಗೂ ನೇಪಲ್ಸ್‌ನ ಸಂಗೀತ ವಿದ್ಯಾಲಯದ ನಿರ್ದೇಶಕರಾಗಿದ್ದು, ತಮ್ಮ ಹೊಸ ಕೃತಿಗಳನ್ನು ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸುತ್ತಿದ್ದರು. ಆದ್ದರಿಂದ ಗಿಲ್ಡಾಗೆ ಸಿಕ್ಕ ಶಿಕ್ಷಣ ಬಹುಮಟ್ಟಿಗೆ ಕಿವಿಯದೇ ಆಗಿದ್ದಿರಬೇಕು. ಮುಂದೆ ರೋಮ್‌ನಲ್ಲಿ ಹೆಸರಾಂತ ಪಿಯಾನೊ ವಾದಕ, ಸಂಯೋಜಕ ಫ್ರಾಂಜ್ ಲಿಸ್ಟ್ ಅವರಲ್ಲಿ ಪಿಯಾನೊ ಕಲಿತರು. ಬರೆಯುವವರು ಇವರನ್ನು ‘ಲಿಸ್ಟ್‌ ಅವರ ಶಿಷ್ಯೆ’ ಎಂದಷ್ಟೇ ಪರಿಚಯಿಸಿ ಮುಗಿಸುವುದುಂಟು. ನನ್ನ ದೃಷ್ಟಿಯಲ್ಲಿ ಇದು ಗೌರವದ ಸೋಗಿನ ಅನ್ಯಾಯ.

ಇಟಲಿಯಲ್ಲಿ ಆಗ ಸಂಗೀತವೆಂದರೆ ಮೊದಲು ಒಪೆರಾ, ಅಂದರೆ ಹಾಡುಗಳಲ್ಲೇ ಸಾಗುವ ಸಂಗೀತ ನಾಟಕ. ವಾದ್ಯಸಂಗೀತಕ್ಕಾಗಿ ದುಡಿದವರಲ್ಲಿ ಮಾರ್ತುಚ್ಚಿ, ಸ್ಗಂಬಾತಿ ಅವರ ಹೆಸರುಗಳಾದರೂ ಉಳಿದಿವೆ. ಪಿಯಾನೊ ಕೃತಿಗಳು, ಹಾಡುಗಳು, ವಾದ್ಯವೃಂದದ ರಚನೆಗಳನ್ನಲ್ಲದೆ ಒಂದು ಒಪೆರಾವನ್ನೂ ಬರೆದ ರೂತಾ ಅವರ ಹೆಸರು ಹಾಗೆ ಉಳಿಯಲಿಲ್ಲ. 1890ರಲ್ಲಿ ಫ್ಲಾರೆನ್ಸ್‌ನ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕ ಪಡೆದಿದ್ದ ಅವರು, 1896ರಲ್ಲಿ ನ್ಯೂಯಾರ್ಕ್‌ಗೆ ಹೋಗಿ ಅಲ್ಲಿ ಪಿಯಾನೊ ಕಲಿಸುತ್ತ ನೆಲೆಸಿದರು. 1932ರಲ್ಲಿ ಅಲ್ಲೇ ತೀರಿಕೊಂಡರು. ಮನೆಯ ಪಿಯಾನೊಗೆಂದು ಅಚ್ಚಾಗುತ್ತಿದ್ದ ಬಿಡಿ ಸ್ವರಲಿಪಿಗಳು ಆ ಕಾಲದಲ್ಲಿ ಧಾರಾಳವಾಗಿ ಮಾರಾಟವಾಗುತ್ತಿದ್ದವು ನಿಜ, ಆದರೆ ಮರುಮುದ್ರಣವಾಗದಿದ್ದರೆ ಒಂದೆರಡು ತಲೆಮಾರಿನಲ್ಲೇ ಬಳಕೆಯಿಂದ ಮರೆಯಾಗುತ್ತಿದ್ದವು.

ನಮ್ಮ ಕಾಯ್ದೆಯಂತೆ ಲೇಖಕರ ಮರಣಾನಂತರ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುವುದರಿಂದ, ರೂತಾ ಅವರು ಬದುಕಿದ್ದಾಗ ಅಚ್ಚಾದ ಕೃತಿಗಳನ್ನು ಇಲ್ಲಿ ನುಡಿಸಲು ಯಾರ ಅನುಮತಿಯೂ ಬೇಕಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಪಿಯಾನೊ ಕಲಿಸುವ ಶಿಕ್ಷಕರು ಇದನ್ನು ಗಮನಿಸಬಹುದು. ಪುರವಣಿಯ ಮುಂದಿನ ಸಂಚಿಕೆಯೊಂದರಲ್ಲಿ ಇವರನ್ನು ಕುರಿತು ಸಂಗೀತ ಬಲ್ಲವರಿಂದ ಒಂದು ಲೇಖನ ಬರೆಸಬೇಕೆಂದು ಕೋರುತ್ತೇನೆ.

– ಓದುಗ, ಮೈಸೂರು