ಲೂಪಸ್ ಸಂಶೋಧನೆಗೆ ಹಣ ಕೇಳಿ: ಹಾಸನದ ಸಂಸದರಿಗೆ ಒಂದು ಬಹಿರಂಗ ಪತ್ರ

ಹಾಸನ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ, ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರನೊಬ್ಬನ ನಮಸ್ಕಾರಗಳು.

ನನ್ನ ಮಗಳಿಗೆ ಲೂಪಸ್ ಇದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲು, ಚರ್ಮ, ಮೂತ್ರಪಿಂಡಗಳ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಣ್ಣುಮಕ್ಕಳು. ಬೆರಳ ಗಂಟು ನೋಯತೊಡಗಿದಾಗ ವಾತವೆಂದರು, ಸುಸ್ತೆಂದಾಗ ಕಬ್ಬಿಣಾಂಶದ ಮಾತ್ರೆ ಕೊಟ್ಟರು, ಮೂಗಿನ ಎರಡೂ ಬದಿ ಕೆನ್ನೆ ಕೆಂಪೇರಿದಾಗ ಬಂಗು ಎಂದು ಮುಲಾಮು ಬರೆದರು. ಇಂಥ ಕಾಯಿಲೆಯ ಸುಳಿವು ಕೊಡುವ ಎಎನ್‌ಎ ಎಂಬ ರಕ್ತಪರೀಕ್ಷೆಯ ಹೆಸರು ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಎರಡು ವರ್ಷ ಕಳೆದು, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಗುರುತಾಗಿ ಮೂತ್ರದಲ್ಲಿ ಪ್ರೋಟೀನ್ ಹೋಗಲು ಶುರುವಾಗಿತ್ತು. ನಾನು ಯಾರನ್ನೂ ದೂರುತ್ತಿಲ್ಲ. ಬೆಳಗಿನಿಂದ ನೂರು ಜನರನ್ನು ನೋಡಿದ ವೈದ್ಯರಿಗೆ ಇದು ಹೊಳೆಯದೇ ಹೋದರೆ ಆಶ್ಚರ್ಯವೇನಿಲ್ಲ.

ನೇರಳಾತೀತ ಕಿರಣ ಈ ರೋಗವನ್ನು ಕೆರಳಿಸುವುದರಿಂದ ಬಿಸಿಲಿಗೆ ಹೋಗಬಾರದು ಎನ್ನುತ್ತಾರೆ. ಜನವರಿಯಲ್ಲಿ ಕಣದ ತುಂಬ ಹಣ್ಣು ಹರಡಿರುವಾಗ ಅವಳು ತುಂಬುತೋಳಿನ ಅಂಗಿ ತೊಟ್ಟು, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಹಲುಬೆ ಹಿಡಿದು ಇಳಿಹೊತ್ತಿನಲ್ಲಿ ಬರುತ್ತಾಳೆ. ಅವಳಿಗಾದರೂ ಅದು ಮನೆಯ ಕಣ. ಇದೇ ಕಾಯಿಲೆ ನಮ್ಮಲ್ಲಿಗೆ ಹಣ್ಣು ಕುಯ್ಯಲು ಬರುವ ಹೆಂಗಸಿಗೋ, ಹಾಸನದ ಕಡೆ ಆಲೂಗಡ್ಡೆ ಹೊಲದಲ್ಲಿ ದುಡಿಯುವವಳಿಗೋ ಬಂದರೆ, ಬಿಸಿಲು ಬಿಟ್ಟ ದಿನ ಕೂಲಿಯನ್ನೂ ಬಿಡಬೇಕು.

ನನ್ನ ಮಗಳು ದಿನವೂ ನುಂಗುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮೂಲತಃ ಮಲೇರಿಯಾದ ಮದ್ದು. ಮಲೆನಾಡಿನ ಚಳಿಜ್ವರಕ್ಕೆ ಕ್ವಿನೈನ್ ನುಂಗಿದ ನನ್ನ ಅಜ್ಜನಿಗೆ ಇದನ್ನು ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಅಮೆರಿಕದಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ಒಪ್ಪಿಗೆ ಸಿಕ್ಕಿದ್ದು 1955ರಲ್ಲಿ. ಲೂಪಸ್‌ಗೆಂದೇ ರೂಪಿಸಿದ ಬೆಲಿಮುಮಾಬ್ ಎಂಬ ಔಷಧಕ್ಕೆ ಒಪ್ಪಿಗೆ ಸಿಗಲು 2011 ಬರಬೇಕಾಯಿತು. ನಡುವಿನ 56 ವರ್ಷ ರೋಗಿಗಳು ಸ್ಟೀರಾಯ್ಡ್ ಮತ್ತು ಬೇರೆ ಕಾಯಿಲೆಗಳ ಔಷಧಗಳಲ್ಲೇ ಕಾಲ ತಳ್ಳಿದರು. 2020ರಲ್ಲಿ ಜನ ಕೋವಿಡ್‌ಗೆಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಗೆ ಮುಗಿಬಿದ್ದಾಗ ನಾನು ಅಂಗಡಿಯಿಂದ ಅಂಗಡಿಗೆ ಅಲೆದು ಒಂದು ಸ್ಟ್ರಿಪ್ ತಂದಿದ್ದೆ.

ಹಣ ಹಾಕಿದರೆ ದಾರಿ ಕಾಣುತ್ತದೆ ಎಂಬುದಕ್ಕೆ ಗುರುತುಗಳಿವೆ. ರೋಗಿಯ ರೋಗನಿರೋಧಕ ಕೋಶಗಳನ್ನೇ ಹೊರತೆಗೆದು, ಮಾರ್ಪಡಿಸಿ ಮತ್ತೆ ದೇಹಕ್ಕೆ ಸೇರಿಸುವುದು ಕಾರ್-ಟಿ ಕೋಶ ಚಿಕಿತ್ಸೆ. 2022ರಲ್ಲಿ ಜರ್ಮನಿಯ ಎರ್ಲಾಂಗೆನ್ ನಗರದ ವೈದ್ಯರು ಈ ಚಿಕಿತ್ಸೆ ಕೊಟ್ಟ ಐವರು ಲೂಪಸ್ ರೋಗಿಗಳು ಔಷಧವಿಲ್ಲದೆ ಇರುವಷ್ಟು ಚೇತರಿಸಿಕೊಂಡಿದ್ದನ್ನು ಪ್ರಕಟಿಸಿದರು. ಐದು ಜನ ಬಹಳ ಕಡಿಮೆ, ನಿಜ. ಆದರೆ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರ ಶ್ರಮದಿಂದ ರಕ್ತದ ಕ್ಯಾನ್ಸರ್‌ಗೆ ನಮ್ಮದೇ ಕಾರ್-ಟಿ 2023ರಲ್ಲಿ ಒಪ್ಪಿಗೆ ಪಡೆದಿರುವಾಗ, ಆ ಕೈಚಳಕ ಲೂಪಸ್‌ಗೂ ಒದಗಲಿ ಎಂದು ಕೇಳುವುದು ದುರಾಸೆಯಲ್ಲ.

ತಾವು ಲೋಕಸಭೆಯಲ್ಲಿ ಆರೋಗ್ಯ ಸಚಿವರನ್ನು ಒಂದು ಪ್ರಶ್ನೆ ಕೇಳಬೇಕೆಂದು ನನ್ನ ಕೋರಿಕೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕಳೆದ ಐದು ವರ್ಷಗಳಲ್ಲಿ ಲೂಪಸ್ ಅಧ್ಯಯನಕ್ಕೆ ಕೊಟ್ಟ ಹಣವೆಷ್ಟು, ಮುಂದೆ ಕೊಡುವುದೆಷ್ಟು? ಜೊತೆಗೆ, ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಜಿಲ್ಲೆಯ ಲೂಪಸ್ ರೋಗಿಗಳ ನೋಂದಣಿ ಪುಸ್ತಕವೊಂದನ್ನು ತೆರೆಯಲು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಿಂದ ಅನುದಾನ ಕೊಡಿಸಿ. ಮೊದಲ ಲಕ್ಷಣ ಕಂಡದ್ದು ಎಂದು, ಕಾಯಿಲೆಗೆ ಹೆಸರು ಸಿಕ್ಕಿದ್ದು ಎಂದು, ಇವೆರಡು ದಿನಾಂಕಗಳನ್ನು ಅದರಲ್ಲಿ ಬರೆದಿಟ್ಟರೂ ಸಾಕು, ಎಷ್ಟು ತಡವಾಗುತ್ತಿದೆ ಎಂಬುದು ತಿಳಿಯುತ್ತದೆ. ಅದರಲ್ಲಿ ಬರೆಯಿಸಲು ನನ್ನ ಮಗಳು ಒಪ್ಪಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ಸಕಲೇಶಪುರದ ಒಬ್ಬ ತಂದೆ