ಬೆಲೆ ಕಟ್ಟಿದ ಸೈಕಲ್ಲನ್ನು ಇನ್ನು ನಾವು ಕೊಳ್ಳುವುದಿಲ್ಲ

ನಾನಾ ಪೇಠ, ಪುಣೆ

ಪ್ರಿಯ ಗ್ರಾಹಕರೇ,

ನಮಸ್ಕಾರ. ಇದೇ ವಿಷಯದ ಮರಾಠಿ ಪತ್ರವನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇವೆ. ಈ ಪತ್ರ ಸೊಲ್ಲಾಪುರ, ವಿಜಯಪುರ, ಬೆಳಗಾವಿ, ಧಾರವಾಡದ ಕಡೆಯಿಂದ ಬಂದು ಇಲ್ಲಿ ನೆಲೆಸಿದ, ನಮ್ಮೊಡನೆ ಕನ್ನಡದಲ್ಲೇ ಚೌಕಾಸಿ ಮಾಡುವ ನಿಮಗಾಗಿ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇವೆ. ಬರುವ ತಿಂಗಳ ಒಂದನೆಯ ತಾರೀಖಿನಿಂದ, ಮೊಬೈಲಿಗೆ ಕಳಿಸಿದ ಫೋಟೊ ನೋಡಿ ಹಳೆಯ ಸೈಕಲ್ಲಿನ ವಯಸ್ಸನ್ನಾಗಲಿ ಬೆಲೆಯನ್ನಾಗಲಿ ನಾವು ಹೇಳುವುದಿಲ್ಲ. ಸೈಕಲ್ಲನ್ನೇ ತಂದು ಎರಡು ದಿನ ನಮ್ಮಲ್ಲಿ ಬಿಡಬೇಕು. ಜೊತೆಗೆ, ನಾವು ಬೆಲೆ ಕಟ್ಟಿದ ಸೈಕಲ್ಲನ್ನು ನಾವು ಕೊಳ್ಳುವುದಿಲ್ಲ. ನಮ್ಮ ಕೆಲಸದ ಹುಡುಗರಾಗಲಿ ನೆಂಟರಾಗಲಿ ಕೊಳ್ಳುವುದಿಲ್ಲ. ಇಷ್ಟು ವರ್ಷ ಬೆಲೆ ಹೇಳುವವರೂ ನಾವೇ, ದುಡ್ಡು ಎಣಿಸಿ ಕೊಡುವವರೂ ನಾವೇ ಆಗಿದ್ದೆವು. ಅದು ಸರಿಯಲ್ಲ ಎಂದು ತಿಳಿಯಲು ನಮಗೆ ಒಂದು ಪೆಟ್ಟು ಬೀಳಬೇಕಾಯಿತು.

ಕಳೆದ ಮಳೆಗಾಲದಲ್ಲಿ ಕರ್ವೆ ನಗರದ ಅಜ್ಜಿಯೊಬ್ಬರು ತಮ್ಮ ಯಜಮಾನರ ಸೈಕಲ್ಲನ್ನು ಟೆಂಪೊದಲ್ಲಿ ಹಾಕಿಸಿಕೊಂಡು ಬಂದರು. ಯಜಮಾನರು ಮೂವತ್ತು ವರ್ಷ ಅದರ ಮೇಲೆಯೇ ಖಡ್ಕಿಯ ಕಾರ್ಖಾನೆಗೆ ಹೋಗಿ ಬಂದವರು. ಮೈತುಂಬ ಬಾಗಿಲಿಗೆ ಬಳಿಯುವ ಕಪ್ಪು ಬಣ್ಣ, ಹಬ್ಬಿಗೆ (ಕಡ್ಡಿಗಳು ಸೇರುವ ಚಕ್ರದ ನಡುಭಾಗಕ್ಕೆ) ಬೆಳ್ಳಿ ಬಣ್ಣ, ಸೀಟು ರೆಕ್ಸಿನ್ನಿನದು, ಚೈನಿನ ಚಕ್ರ ಲೂಧಿಯಾನದ್ದು. ಹೊರಗೆ ಮಳೆ ಹೊಯ್ಯುತ್ತಿತ್ತು. ನಿಂತ ನಿಲುವಿನಲ್ಲೇ ನೋಡಿ, 'ದೇಶಿ ಸೈಕಲ್ಲು, ಅರವತ್ತರ ದಶಕದ ಕೊನೆಯದು' ಎಂದು ಹೇಳಿ 2,800 ರೂಪಾಯಿ ಕೊಟ್ಟೆವು. ಅವರು ಎಣಿಸಲೂ ಇಲ್ಲ.

ಹದಿನೈದು ದಿನ ಕಳೆದು, ಬಿಡಿಭಾಗಗಳಿಗಾಗಿ ಅದನ್ನು ಬಿಚ್ಚಲು ಕುಳಿತೆವು. ಹಿಂದಿನ ಹಬ್ಬನ್ನು ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜುತ್ತಿದ್ದ ಹುಡುಗ 'ಇಲ್ಲೇನೋ ಬರೆದಿದೆ' ಎಂದ. ಬೆಳ್ಳಿ ಬಣ್ಣ ಸಿಪ್ಪೆಯಾಗಿ ಏಳುತ್ತಿದ್ದಂತೆ ಸ್ಟರ್ಮಿ ಆರ್ಚರ್ ಎಂಬ ಕಂಪನಿಯ ಹೆಸರು, ಎಡಬ್ಲ್ಯೂ ಎಂಬ ಅಕ್ಷರ, ಪಕ್ಕದಲ್ಲಿ 51, ಅದರಾಚೆ 6 ಎಂಬ ಅಂಕಿ ಕಂಡವು. 1951ರ ಜೂನ್‌ನಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾದ ಮೂರು ಗೇರಿನ ಹಬ್ಬು ಅದು! ಗೇರಿನ ತಂತಿ ಕಿತ್ತುಹೋದರೆ ಆ ಹಬ್ಬು ತನ್ನಷ್ಟಕ್ಕೆ ಮೂರನೆಯ ಗೇರಿನಲ್ಲಿ ನಿಂತುಬಿಡುತ್ತದೆ. ತುಳಿಯುವವನಿಗೆ ಪೆಡಲು ಸ್ವಲ್ಪ ಭಾರವೆನಿಸುತ್ತದೆ, ಅಷ್ಟೇ. ಆದರೆ ಅದು ಸಾಮಾನ್ಯ ಹಬ್ಬಿಗಿಂತ ದಪ್ಪ. ನಮ್ಮ ಕಣ್ಣಿಗೆ ಬೀಳಲೇಬೇಕಿತ್ತು. ಸೀಟಿನ ಕೆಳಗಿನ ಕೊಳವೆಯನ್ನು ಮೆಲ್ಲಗೆ ಒರೆಸಿದರೆ ಕಪ್ಪಿನ ಅಡಿಯಿಂದ ಚಿನ್ನದ ಗೆರೆಯೂ, ನಾಟಿಂಗ್‌ಹ್ಯಾಮ್ ಎಂಬ ಹೆಸರಿನ ಅರ್ಧ ಅಕ್ಷರಗಳೂ ಎದ್ದವು.

ಮರುದಿನವೇ ಸೈಕಲ್ಲನ್ನು ಅವರ ಮನೆಗೆ ತಲುಪಿಸಿ ನಡೆದದ್ದನ್ನು ಹೇಳಿದೆವು. ದುಡ್ಡು ವಾಪಸು ಬೇಡವೆಂದರೂ ಕೇಳದೆ 2,800 ರೂಪಾಯಿಯನ್ನು ನಮ್ಮ ಕೈಗೇ ಹಾಕಿದರು. 'ತಮ್ಮಾ, ಗೊತ್ತಿದ್ದೂ ಸುಳ್ಳು ಹೇಳಿದ್ದರೆ ಬೈದು ಕಳಿಸುತ್ತಿದ್ದೆ. ಗೊತ್ತಿಲ್ಲದೆ ಬೆಲೆ ಹೇಳಿದೆಯಲ್ಲ, ಅದಕ್ಕೆ ಏನೆನ್ನಲಿ?' ಎಂದರು. ಆಮೇಲೆ ಚಹಾ ಕೊಟ್ಟರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಕೊಳ್ಳುವ ಮನಸ್ಸಿದ್ದವನ ಕಣ್ಣಿಗೆ ಮೊದಲು ಕಾಣುವುದು ತುಕ್ಕು. ನಮಗೂ ಅಂದು ಕಂಡದ್ದು ಅದೇ.

ಫೋಟೊ ಏಕೆ ಸಾಲದು ಎಂದು ಹಲವರು ಕೇಳುತ್ತಾರೆ. ಎಲ್ಲರೂ ಕಳಿಸುವುದು ಹ್ಯಾಂಡಲಿನ ಕೆಳಗಿನ ಹಿತ್ತಾಳೆ ಲಾಂಛನದ ಫೋಟೊವನ್ನೇ. ಸೈಕಲ್ಲಿನಲ್ಲಿ ಅತಿ ಸುಲಭವಾಗಿ ಬದಲಾಗುವ ವಸ್ತು ಅದು. ಬುಧವಾರ, ಭಾನುವಾರ ಜುನಾ ಬಜಾರಿನಲ್ಲಿ ತಿರುಗಾಡಿದರೆ ಬಿಡಿ ಲಾಂಛನ ನಿಮಗೂ ಸಿಕ್ಕೀತು. ಲಾಂಛನ ಅಸಲಿಯೇ ಇರಲಿ, ರ್‍ಯಾಲಿ ಎಂಬ ಹೆಸರಿನ ಸೈಕಲ್ಲೆಲ್ಲ ಇಂಗ್ಲೆಂಡಿನದಲ್ಲ. ಐವತ್ತರ ದಶಕದಿಂದ ಬಂಗಾಳದ ಅಸನ್ಸೋಲಿನ ಸೆನ್-ರ್‍ಯಾಲಿ ಕಾರ್ಖಾನೆ ಅದೇ ಹೆಸರಿನ ಸೈಕಲ್ಲುಗಳನ್ನು ಕಟ್ಟಿತು. ಬಿಎಸ್ಎ, ಹರ್ಕ್ಯುಲಿಸ್ ಕೂಡ ಹಾಗೆಯೇ. 1949ರಲ್ಲಿ ಆರಂಭವಾದ ಮದರಾಸಿನ ಟಿಐ ಸೈಕಲ್ಸ್‌ನಿಂದ ಬಂದವು ಲೆಕ್ಕವಿಲ್ಲದಷ್ಟು. ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿ ಇದ್ದರೆ ವಿಲಾಯತಿ ಎಂದು ವಾದಿಸುವವರೂ ಬರುತ್ತಾರೆ. ಅವರನ್ನು ಹೊರಗೆ ಕರೆದೊಯ್ದು ನಮ್ಮ ಹಾಲಿನವನ ದೇಶಿ ಸೈಕಲ್ಲಿನ ಕಡ್ಡಿ ಎಣಿಸಲು ಹೇಳುತ್ತೇವೆ, ಅಲ್ಲೂ ಲೆಕ್ಕ ಅಷ್ಟೇ.

ಹಬ್ಬಿನ ಮೇಲಿನ ತಾರೀಖನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಅದು ಹೇಳುವುದು ಹಬ್ಬಿನ ವಯಸ್ಸು ಮಾತ್ರ. ಚಕ್ರ ಯಾವಾಗ ಬದಲಾಯಿತೋ ಯಾರು ಬಲ್ಲರು? ಚೌಕಟ್ಟಿನ ಮೇಲಿನ ಸಂಖ್ಯೆ, ಬಣ್ಣದ ಅಡಿಯ ಗೆರೆ, ಬ್ರೇಕಿನ ಸರಳು, ಹೊಳಪು ನಿಕ್ಕಲ್ಲಿನದೋ ಕ್ರೋಮಿನದೋ ಎಂಬುದು, ಇವೆಲ್ಲ ಒಂದೇ ಮಾತು ಹೇಳಬೇಕು. ನಿಕ್ಕಲ್ಲಿನ ಹೊಳಪಿನಲ್ಲಿ ತುಸು ಹಳದಿ ಛಾಯೆ ಇರುತ್ತದೆ. ಭಾಗಗಳೆಲ್ಲ ಮೂಲದವೇ ಆಗಿದ್ದು ಅಂಥ ಹೊಳಪಿದ್ದರೆ ಸೈಕಲ್ಲು ಕ್ರೋಮ್ ಬಳಕೆಗೆ ಬರುವ ಮುಂಚಿನದು, ಎಂದರೆ ಸುಮಾರು 1930ಕ್ಕಿಂತ ಹಿಂದಿನದು ಎಂಬ ಆಸೆ ಇಟ್ಟುಕೊಳ್ಳಬಹುದು. ಆದರೆ ಫೋಟೊದಲ್ಲಿ ಬಲ್ಬಿನ ಬೆಳಕು ಬಿದ್ದರೆ ಎಲ್ಲವೂ ಹಳದಿಯೇ.

ನಮಗೆ ಎಲ್ಲಕ್ಕಿಂತ ಪ್ರಿಯವಾದ ಸಾಕ್ಷಿ ಸೈಕಲ್ಲಿನ ಮೇಲೆ ಇರುವುದೇ ಇಲ್ಲ, ಮನೆಯ ಹಳೆಯ ಡಬ್ಬಿಯಲ್ಲಿ ಇರುತ್ತದೆ. ಹಿಂದೆ ಪುರಸಭೆಗೆ ಸೈಕಲ್ಲಿನ ತೆರಿಗೆ ಕಟ್ಟಿದರೆ ಒಂದು ಲೋಹದ ಬಿಲ್ಲೆ ಕೊಡುತ್ತಿದ್ದರು. ಅದರ ಮೇಲೆ ವರ್ಷ ಒತ್ತಿರುತ್ತಿತ್ತು. ಗುಂಡಿ, ಸೂಜಿ, ಹಳೆಯ ನಾಣ್ಯಗಳ ನಡುವೆ ಅಂಥದ್ದು ಸಿಕ್ಕರೆ ಎಸೆಯಬೇಡಿ. ಸೈಕಲ್ಲು ಆ ವರ್ಷದ್ದೇ ಎಂದು ಅದು ಹೇಳದಿದ್ದರೂ, ಆ ವರ್ಷ ನಿಮ್ಮ ಮನೆಯಲ್ಲಿ ಒಂದು ಸೈಕಲ್ಲಿತ್ತು ಎಂದಂತೂ ಹೇಳುತ್ತದೆ.

ಇನ್ನು ಬೆಲೆಯ ಮಾತು. ವಯಸ್ಸೇ ಬೆಲೆ ಎಂದುಕೊಂಡು ಬರುವವರಿಗೆ, ಸೈಕಲ್ಲು ನೋಡಿ ನಾವು ಬರೆದುಕೊಡುವ ಚೀಟಿ ನಿರಾಸೆ ತಂದೀತು. ಮೂಲ ಬಣ್ಣ ಉಳಿದ ಐವತ್ತರ ದಶಕದ ಸೈಕಲ್ಲು, ಹೊಸದಾಗಿ ಬಣ್ಣ ಬಳಿದು ಕ್ರೋಮ್ ಹಚ್ಚಿಸಿದ ಮೂವತ್ತರ ದಶಕದ ಸೈಕಲ್ಲಿಗಿಂತ ಹೆಚ್ಚು ತರಬಲ್ಲದು. ಹಂಬರ್ ಸೈಕಲ್ಲಿನ ಜೋಡಿ ಕೊಳವೆಯ ಮುಂಗಾಲು (ಫೋರ್ಕ್), ಚೈನಿನ ಚಕ್ರದೊಳಗೆ ಓಡುವ ಐದು ಮನುಷ್ಯರ ಆಕೃತಿಗಳು ಅಸಲಿಯಾಗಿ ಉಳಿದಿದ್ದರೆ ಸಂಗ್ರಹಕಾರರು ಎರಡು ಸಲ ಯೋಚಿಸುವುದಿಲ್ಲ. ಬ್ರೂಕ್ಸ್ ಕಂಪನಿಯ ಚರ್ಮದ ಸೀಟು ಬಿರಿಯದೆ ಇದ್ದರೆ ಅದೊಂದೇ ಬೆಲೆಯನ್ನು ಒಂದು ಮೆಟ್ಟಿಲು ಮೇಲೆ ಒಯ್ಯುತ್ತದೆ. 28 ಇಂಚಿನ ಟಯರು ಇಂದಿಗೂ ನಮ್ಮ ಪೇಟೆಯಲ್ಲಿ ಸಿಗುವುದರಿಂದ ಓಡಿಸಲು ತೊಂದರೆಯಿಲ್ಲ, ಆದರೆ ಅದೇ ಕಾರಣಕ್ಕೆ ಅಂಥ ಸೈಕಲ್ಲು ಅಪರೂಪವೂ ಅಲ್ಲ.

ಚೀಟಿಯಲ್ಲಿ ನಾವು 'ಆಂಟಿಕ್' ಎಂಬ ಪದ ಬರೆಯುವುದಿಲ್ಲ, ದಯವಿಟ್ಟು ಒತ್ತಾಯ ಮಾಡಬೇಡಿ. ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆ ಇಂಥ ವಸ್ತುಗಳಿಗೆ ನೂರು ವರ್ಷ ತುಂಬಿರಬೇಕು ಎನ್ನುತ್ತದೆ. ಅಜ್ಜನ ಮದುವೆಯಲ್ಲಿ ಬಂದ 1955ರ ಸೈಕಲ್ಲನ್ನು ಹಳೆಯದು ಎಂದರೆ ಅಜ್ಜನಿಗೇನೂ ಅವಮಾನವಿಲ್ಲ.

ಪರಿಶೀಲನೆಗೆ 300 ರೂಪಾಯಿ ತೆಗೆದುಕೊಳ್ಳುತ್ತೇವೆ. ರಿಪೇರಿಯನ್ನು ನಮ್ಮಲ್ಲೇ ಮಾಡಿಸಿದರೆ ಆ ದುಡ್ಡು ಬಿಲ್ಲಿನಲ್ಲಿ ವಜಾ. ಚೀಟಿಯಲ್ಲಿ ಯಾವ ಭಾಗ ಯಾವ ಕಾಲದ್ದು, ಯಾವುದು ಬದಲಾಗಿದೆ, ನಮಗೆ ಹೇಗೆ ಗೊತ್ತಾಯಿತು ಎಂದು ಬರೆದು, ಇಷ್ಟರಿಂದ ಇಷ್ಟರವರೆಗೆ ಎಂದು ಬೆಲೆ ಹಾಕುತ್ತೇವೆ. ಮಾರಬೇಕೆಂದರೆ ಆ ಚೀಟಿ ಹಿಡಿದು ನೀವು ಯಾರ ಬಳಿಗಾದರೂ ಹೋಗಬಹುದು. ಮಾರುವ ಮೊದಲು ಮನಸ್ಸು ಹೊಯ್ದಾಡುತ್ತಿದ್ದರೆ ಕರ್ವೆ ನಗರದ ವಿಕ್ರಮ್ ಪೆಂಡ್ಸೆ ಸೈಕಲ್ ಮ್ಯೂಸಿಯಂ ಒಮ್ಮೆ ನೋಡಿ ಬನ್ನಿ. ನಮ್ಮಲ್ಲಿಗೆ ಬರುವ ಹಲವರು ಅಲ್ಲಿಗೆ ಹೋಗಿ ಬಂದ ಮೇಲೆ ಮಾರುವ ಮಾತು ಬಿಟ್ಟಿದ್ದಾರೆ, ಅದರಿಂದ ನಮಗೆ ರಿಪೇರಿ ಕೆಲಸ ಸಿಕ್ಕಿದೆ.

ಈಗಾಗಲೇ ಫೋಟೊ ಕಳಿಸಿ ಉತ್ತರಕ್ಕೆ ಕಾಯುತ್ತಿರುವವರಿಗೆ ಹಳೆಯ ಪದ್ಧತಿ ಅನ್ವಯಿಸುವುದಿಲ್ಲ. ಅವರ ಸೈಕಲ್ಲನ್ನು ಮಾತ್ರ ಈ ತಿಂಗಳು ದುಡ್ಡಿಲ್ಲದೆ ನೋಡಿಕೊಡುತ್ತೇವೆ. ಹಿಂದೆ ನಾವು ಬಾಯಿಮಾತಿನಲ್ಲಿ ಬೆಲೆ ಹೇಳಿ ಕೊಂಡ ಸೈಕಲ್ಲಿನ ಬಗ್ಗೆ ಯಾರಿಗಾದರೂ ಅನುಮಾನವಿದ್ದರೆ ಬಂದು ಕೇಳಿ. ಲೆಕ್ಕದ ಪುಸ್ತಕ ಕಪಾಟಿನಲ್ಲಿದೆ, ತೆರೆದು ತೋರಿಸುತ್ತೇವೆ.

ಕೊನೆಯದಾಗಿ ಒಂದು ವಿನಂತಿ: ತರುವ ಮೊದಲು ಸೈಕಲ್ಲನ್ನು ತೊಳೆಯಬೇಡಿ, ಮರಳುಕಾಗದದಿಂದ ಉಜ್ಜಲೇಬೇಡಿ. ಧೂಳಿನ ಸಮೇತ ತನ್ನಿ.

ನಿಮ್ಮ ವಿಶ್ವಾಸಿಗಳು,
ಸೈಕಲ್ ಅಂಗಡಿಯವರು
(ಸೋಮವಾರ ರಜೆ)